ಅಂಕ ಬಂತು ಸರಿ, ಚಾ ಮಾಡಿಸಿ ನೋಡಿದಿರಾ?

ಮರೆವಿನ ಕಾಯಿಲೆ ಇರುವ ಹಿರಿಯರನ್ನು, ನೆನಪು, ಲೆಕ್ಕ ಕೇಳಿ ಅಂಕ ಕೊಡುವ ಪರೀಕ್ಷೆಗೆ ಕರೆದೊಯ್ದವರು ಬಂದು ಹೇಳುವುದು ಒಂದೇ: ‘ಮೂವತ್ತರಲ್ಲಿ ಹತ್ತೊಂಬತ್ತು.’ ಹಾಗಾದರೆ ಅವರನ್ನು ಮನೆಯಲ್ಲಿ ಒಬ್ಬರೇ ಬಿಡಬಹುದೇ? ಪಿಂಚಣಿ ಹಣ ಕೈಗೆ ಕೊಡಬಹುದೇ? ಆ ಅಂಕವೊಂದೇ ಇದಕ್ಕೆ ಉತ್ತರ ಕೊಡುವುದಿಲ್ಲ.

1. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ, ಬೆಳಗ್ಗೆಯೇ ಹೋಗಿ. ಜ್ವರ, ಮೂತ್ರದ ಸೋಂಕು ಇದ್ದರೆ ಮುಂದೂಡಿ. ರಕ್ತದಲ್ಲಿ ಥೈರಾಯ್ಡ್, ಬಿ12 ವಿಟಮಿನ್ ನೋಡಿಸಿರದಿದ್ದರೆ ಮೊದಲು ಅದು.

2. ಪರೀಕ್ಷೆ ಯಾವ ಭಾಷೆಯಲ್ಲಿ ಎಂದು ಕೇಳಿ. ನಮ್ಮ ಕಾಸರಗೋಡಿನಲ್ಲಿ ಕೆಲಸ ಕೆಡುವುದು ಇಲ್ಲೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಅಜ್ಜನಿಗೆ ಮಲಯಾಳದಲ್ಲಿ ಪ್ರಶ್ನೆ ಹಾಕಿದರೆ ಕಳೆದುಹೋಗುವ ಅಂಕ ಕಾಯಿಲೆಯದ್ದಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡ, ಮಲಯಾಳ ಎರಡರಲ್ಲೂ ಇವೆ. ಓದು ಬರಹ ಬಾರದವರಿಗೆ ಗಡಿಯಾರ ಬಿಡಿಸಲು ಹೇಳಿ ಅಂಕ ಕತ್ತರಿಸುವುದು ಅನ್ಯಾಯ. ಉತ್ತರವನ್ನೂ ಬರೆದಿಡಿ: ‘ಯಾವ ಜಿಲ್ಲೆ?’ ಎಂದಾಗ ‘ಕಣ್ಣೂರು’ ಎಂದರೆ ತಪ್ಪೇ, ಆದರೆ 1984ರವರೆಗೆ ನಾವು ಇದ್ದದ್ದು ಆ ಜಿಲ್ಲೆಯಲ್ಲೇ. ನೆನಪು ಎಲ್ಲಿ ನಿಂತಿದೆ ಎಂಬುದಕ್ಕೆ ಅದೊಂದು ಸುಳಿವು.

3. ಫೋನ್, ಔಷಧಿ, ಹಣ, ಅಂಗಡಿ, ಬಸ್ಸು: ದಿನನಿತ್ಯದ ಕೆಲಸಗಳ ಪ್ರಶ್ನಾವಳಿ ಮನೆಯವರಿಗೆ. ಅಮೆರಿಕದ ಸಂಶೋಧಕರಾದ ಲಾಟನ್ ಮತ್ತು ಬ್ರಾಡಿ 1969ರಲ್ಲಿ ಮಾಡಿದ ಪಟ್ಟಿ ಈಗಲೂ ಬಳಕೆಯಲ್ಲಿದೆ. ‘ಮಾಡಬಲ್ಲರೇ’ ಎಂದು ಕೇಳಿದರೆ ಮಕ್ಕಳು ‘ಹ್ಞೂಂ’ ಎನ್ನುತ್ತಾರೆ. ‘ಕಳೆದ ತಿಂಗಳು ಮಾಡಿದ್ದಾರೆಯೇ? ಮೊದಲು ಮಾಡುತ್ತಿದ್ದರೇ?’ ಎಂದು ಕೇಳಬೇಕು. ಜೀವಮಾನದಲ್ಲಿ ಅಡುಗೆಮನೆಗೆ ಕಾಲಿಡದ ಗಂಡಸಿಗೆ ಅನ್ನ ಮಾಡಲು ಬಾರದಿದ್ದರೆ ಅದು ಕಾಯಿಲೆಯಲ್ಲ!

4. ಈಗ ಮುಖ್ಯ ಕೆಲಸ. ಅವರು ಮೊದಲಿನಿಂದ ಮಾಡುತ್ತಿದ್ದ ಒಂದು ಕೆಲಸ ಆರಿಸಿ ಎದುರೇ ಮಾಡಿಸಿ. ಚಾ ಒಳ್ಳೆಯದು, ಅವರದೇ ಅಡುಗೆಮನೆ, ಅವರದೇ ಪಾತ್ರೆ. ನೀವು ಬಾಗಿಲ ಬಳಿ ನಿಲ್ಲಿ, ಬಾಯಿ ಮುಚ್ಚಿ. ಎಲ್ಲರೂ ಎಡವುವುದು ಇದರಲ್ಲೇ: ಅಮ್ಮ ಒಂದು ಕ್ಷಣ ತಡವರಿಸಿದರೆ ಸಾಕು, ಸೊಸೆ ‘ಸಕ್ಕರೆ ಅಲ್ಲಿದೆ ಅತ್ತೆ’ ಎಂದುಬಿಡುತ್ತಾಳೆ. ಅಲ್ಲಿಗೆ ಪರೀಕ್ಷೆ ಸೊಸೆಯದಾಯಿತು. ಮನಸ್ಸಿನಲ್ಲೇ ಹತ್ತು ಎಣಿಸಿ. ಆಮೇಲೂ ಆಗದಿದ್ದರೆ ಮಾತಿನಲ್ಲಿ ನೆನಪಿಸಿ. ಸಾಲದಿದ್ದರೆ ಕೈಯಲ್ಲಿ ತೋರಿಸಿ. ಕೊನೆಗೆ ಕೈ ಹಿಡಿದು ಮಾಡಿಸಿ. ಯಾವ ಹಂತಕ್ಕೆ ಯಾವ ನೆರವು ಬೇಕಾಯಿತು, ಅದನ್ನೇ ಚೀಟಿಯಲ್ಲಿ ಬರೆಯಿರಿ. ಸುಮ್ಮನೆ ನಿಂತಿದ್ದವರು ಒಂದು ಮಾತಿಗೆ ಶುರುಮಾಡಿದರೆ ದಿನವೂ ಆ ಒಂದು ಮಾತು ಸಾಕು. ನೀರಿಡುವ ಮೊದಲೇ ಸಕ್ಕರೆ ಸುರಿದರೆ ಸಾಮಾನನ್ನು ಕ್ರಮವಾಗಿ ಜೋಡಿಸಿಟ್ಟು ಮತ್ತೆ ನೋಡಿ. ಒಲೆ ಆರಿಸದೆ ಹೊರಗೆ ಬಂದರೆ ಅಂಕ ಇಪ್ಪತ್ತೇಳಿದ್ದರೂ ಒಬ್ಬರೇ ಬಿಡಬೇಡಿ. ಪರೀಕ್ಷೆಯಲ್ಲಿ ನೂರರಿಂದ ಏಳೇಳು ಚಕಚಕನೆ ಕಳೆಯುವ ಅಡಿಕೆ ವ್ಯಾಪಾರಿಯೂ ಬದಿಯಡ್ಕ ಪೇಟೆಯಿಂದ ಮನೆ ದಾರಿ ತಪ್ಪಬಹುದು. ತದ್ವಿರುದ್ಧವೂ ಉಂಟು: ಅಂಕ ಹದಿನೈದು, ಮಲ್ಲಿಗೆ ಕಟ್ಟುವುದರಲ್ಲಿ ಒಂದು ಹೂವೂ ತಪ್ಪಿಲ್ಲ.

ವಾಟ್ಸಾಪಿನಲ್ಲಿ ಬರುವ ‘ಐದು ನಿಮಿಷದ ನೆನಪಿನ ಪರೀಕ್ಷೆ’ಯನ್ನು ನೋಡಿದ ಕೂಡಲೇ ಅಳಿಸಿ. ಅದರ ಬೆನ್ನಿಗೇ ಬರುವ ಮಿದುಳಿನ ಟಾನಿಕ್ ಜಾಹೀರಾತನ್ನೂ.

5. ಅಂಕದ ಹಾಳೆ, ಪ್ರಶ್ನಾವಳಿ, ನಿಮ್ಮ ಚೀಟಿ ಮೂರನ್ನೂ ಡಾಕ್ಟರ ಮೇಜಿನ ಮೇಲಿಡಿ. ಮನೆಗೆ ಬಂದು ಆರೈಕೆ ಮಾಡುವ ಪಾಲಿಯೇಟಿವ್ (ಉಪಶಾಮಕ ಆರೈಕೆಯ) ನರ್ಸಿಗೂ ತೋರಿಸಿ. ಆರು ತಿಂಗಳ ಬಳಿಕ ಅದೇ ಕೆಲಸ, ಅದೇ ಹೊತ್ತು, ನೋಡುವವರೂ ಅವರೇ. ಅಂಕದ ಪರೀಕ್ಷೆಯನ್ನು ಮಾತ್ರ ವಾರವಾರ ಮನೆಯಲ್ಲಿ ಮಾಡಬೇಡಿ. ಪ್ರಶ್ನೆಗಳು ರೂಢಿಯಾಗಿ, ಮುಂದಿನ ಸಲ ಅಂಕ ಸುಮ್ಮನೆ ಏರುತ್ತದೆ.