ಇನ್ನೊಂದು ಮಗುವೂ ಹೆಣ್ಣೇ? ಈ ಲೆಕ್ಕವನ್ನು ಬಿಡಿಸುವ ಕ್ರಮ

ಕೊಪ್ಪಳದ ಓಣಿಯೊಂದರಲ್ಲಿ ಮನೆಮನೆಯ ಸಮೀಕ್ಷೆಗೆ ಹೊರಟ ಅಂಗನವಾಡಿ ಕಾರ್ಯಕರ್ತೆ, ಇಬ್ಬರೇ ಮಕ್ಕಳಿರುವ ಮನೆಯ ಬಾಗಿಲಲ್ಲಿ ನಿಂತು, "ಹೆಣ್ಮಗಳು ಅದಾಳೇನ್ರಿ?" ಎಂದು ಕೇಳುತ್ತಾರೆ. "ಅದಾಳ್ರಿ" ಎಂಬ ಉತ್ತರ ಬರುತ್ತದೆ. ಹಾಗಾದರೆ ಆ ಮನೆಯ ಮಕ್ಕಳಿಬ್ಬರೂ ಹೆಣ್ಣೇ ಆಗಿರುವ ಸಂಭವನೀಯತೆ ಎಷ್ಟು? ಒಬ್ಬಳು ಹೆಣ್ಣೆಂದು ತಿಳಿದ ಮೇಲೆ ಉಳಿದ ಮಗು ಗಂಡೋ ಹೆಣ್ಣೋ ಎಂಬುದಷ್ಟೇ ಪ್ರಶ್ನೆಯೆಂದು ಭಾವಿಸಿ ಬಹಳಷ್ಟು ಜನ ಅರ್ಧ ಎನ್ನುತ್ತಾರೆ. ಆದರೆ ಇಲ್ಲಿ ಉತ್ತರ ಮೂರರಲ್ಲಿ ಒಂದು.

ಇದನ್ನು ಬಾಯಿಮಾತಿನಲ್ಲಿ ವಾದಿಸಿ ಒಪ್ಪಿಸುವುದು ಕಷ್ಟ. ನಾಣ್ಯಗಳಿಂದ ಮಾಡಿ ತೋರಿಸುವುದು ಸುಲಭ. ಒಂದು ರೂಪಾಯಿಯ ಹಾಗೂ ಎರಡು ರೂಪಾಯಿಯ ತಲಾ ಒಂದು ನಾಣ್ಯವನ್ನು ತೆಗೆದುಕೊಂಡು, ಮೊದಲನೆಯದನ್ನು ಹಿರಿಯ ಮಗುವೆಂದೂ ಎರಡನೆಯದನ್ನು ಕಿರಿಯ ಮಗುವೆಂದೂ, ಸಿಂಹದ ಮುಖ ಬಿದ್ದರೆ ಹೆಣ್ಣೆಂದೂ ಅಂಕಿಯ ಮುಖ ಬಿದ್ದರೆ ಗಂಡೆಂದೂ ಇಟ್ಟುಕೊಳ್ಳಿ. ಎರಡೂ ಒಂದೇ ಬೆಲೆಯ ನಾಣ್ಯಗಳಾಗಬಾರದು. ಹಾಗಾದರೆ 'ಅಕ್ಕ–ತಮ್ಮ' ಮತ್ತು 'ಅಣ್ಣ–ತಂಗಿ' ಬೇರೆಬೇರೆ ಮನೆಗಳೆಂಬುದು ಕಣ್ಣಿಗೆ ಕಾಣದೆ ಹೋಗುತ್ತದೆ, ತಪ್ಪು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಎರಡನ್ನೂ ಒಟ್ಟಿಗೆ ನೂರು ಸಲ ಚಿಮ್ಮಿ, ಪ್ರತಿ ಸಲದ ಫಲವನ್ನು ಒಂದೊಂದು ಸಾಲಿನಲ್ಲಿ ಬರೆದರೆ, ಸುಮಾರು 25 ಸಾಲುಗಳಲ್ಲಿ ಇಬ್ಬರೂ ಹೆಣ್ಣು, 25ರಲ್ಲಿ ಇಬ್ಬರೂ ಗಂಡು, ಉಳಿದ 50ರಲ್ಲಿ ಒಂದು ಹೆಣ್ಣು ಒಂದು ಗಂಡು ಬರುತ್ತವೆ. ಕಾರ್ಯಕರ್ತೆಯ ಪ್ರಶ್ನೆಗೆ 'ಇಲ್ಲ' ಎನ್ನಬೇಕಾದ, ಇಬ್ಬರೂ ಗಂಡಾದ 25 ಸಾಲುಗಳನ್ನು ಹೊಡೆದುಹಾಕಿ. ಉಳಿದ 75ರಲ್ಲಿ 25 ಎಂದರೆ ಮೂರರಲ್ಲಿ ಒಂದು.

ಈಗ ಅದೇ ಊರಿನ ಗವಿಮಠದ ಜಾತ್ರೆಗೆ ಬನ್ನಿ. ಇಬ್ಬರು ಮಕ್ಕಳಿರುವ ತಂದೆಯೊಬ್ಬ, ಗಂಡು ಹೆಣ್ಣೆಂಬ ಭೇದವಿಲ್ಲದೆ ಕೈಗೆ ಸಿಕ್ಕ ಮಗುವನ್ನು ಕರೆದುಕೊಂಡು ತೇರು ನೋಡಲು ಬಂದಿದ್ದಾನೆ. ಆತನ ಕೈ ಹಿಡಿದವಳು ಹುಡುಗಿ. ಇಲ್ಲಿಯೂ 'ಒಬ್ಬಳಾದರೂ ಹೆಣ್ಣು' ಎಂಬ ಸಂಗತಿಯೇ ನಮಗೆ ತಿಳಿದದ್ದು, ಆದರೆ ಉತ್ತರ ಅರ್ಧ. ಮೂರನೆಯ ನಾಣ್ಯವೊಂದನ್ನು ಚಿಮ್ಮಿ, ಜಾತ್ರೆಗೆ ಬಂದದ್ದು ಹಿರಿಯ ಮಗುವೋ ಕಿರಿಯ ಮಗುವೋ ಎಂದು ಪ್ರತಿ ಸಾಲಿನಲ್ಲೂ ಗುರುತು ಹಾಕಿ. ಇಬ್ಬರೂ ಹೆಣ್ಣಾದ 25 ಸಾಲುಗಳಲ್ಲಿ ಬರುವವಳು ಹುಡುಗಿಯೇ. ಆದರೆ ಮಿಶ್ರವಾದ 50ರಲ್ಲಿ ಸುಮಾರು ಅರ್ಧದಷ್ಟು ಸಲ ಹುಡುಗ ಬಂದಿರುತ್ತಾನೆ, ಆದ್ದರಿಂದ ಅವೂ ಬಿದ್ದುಹೋಗುತ್ತವೆ. ಉಳಿಯುವ 50ರಲ್ಲಿ 25.

ಆದುದರಿಂದ ಪೆನ್ನು ಹಿಡಿಯುವ ಮೊದಲೇ ಕೇಳಿಕೊಳ್ಳಬೇಕಾದದ್ದು, ಈ ಸುದ್ದಿ ನಮ್ಮ ಕಿವಿಗೆ ಯಾವ ದಾರಿಯಿಂದ ಬಂತು ಎಂಬುದನ್ನು. ಮನೆಗಳನ್ನು ಎಣಿಸುತ್ತಿದ್ದೇವೆಯೋ, ಮಕ್ಕಳನ್ನು ಎಣಿಸುತ್ತಿದ್ದೇವೆಯೋ? ನೂರು ಮನೆಗಳಲ್ಲಿ ಹುಡುಗಿಯರು ಒಟ್ಟು ನೂರು; ಅವರಲ್ಲಿ ಸಹೋದರಿಯಿರುವವರು ಐವತ್ತು. ಮನೆಗಳನ್ನು ಎಣಿಸಿದಾಗ ಮೂರರಲ್ಲೊಂದಾಗಿದ್ದದ್ದು, ಮಕ್ಕಳನ್ನು ಎಣಿಸಿದಾಗ ಅರ್ಧವಾಗುತ್ತದೆ. ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಗಂಡುಮಗುವನ್ನಿಟ್ಟು ಇದೇ ಪ್ರಶ್ನೆ ಕೇಳಿ ಮೂರರಲ್ಲೊಂದು ಎಂದು ಉತ್ತರಿಸಿದ್ದರು. ಸುದ್ದಿ ಸಿಕ್ಕ ಬಗೆಯನ್ನು ಹೇಳದ ಪ್ರಶ್ನೆ ಅಸ್ಪಷ್ಟವೆಂದು ನಂತರ ಅವರೇ ಒಪ್ಪಿದರು. ಅಷ್ಟು ದೊಡ್ಡ ಒಗಟುಗಾರನೇ ಎಡವಿದ ಜಾಗದಲ್ಲಿ ನಾವು ನಾಚಿಕೊಳ್ಳುವಂಥದ್ದೇನಿಲ್ಲ.

ನಾಣ್ಯದ ಆಟ ರೂಢಿಯಾದ ಮೇಲೆ ಇನ್ನೂ ವಿಚಿತ್ರವಾದದ್ದನ್ನು ಎತ್ತಿಕೊಳ್ಳಬಹುದು. ಕಾರ್ಯಕರ್ತೆ "ಶುಕ್ರವಾರ ಹುಟ್ಟಿದ ಹೆಣ್ಮಗಳು ಅದಾಳೇನ್ರಿ?" ಎಂದು ಕೇಳಿ, 'ಹೌದು' ಎಂಬ ಉತ್ತರ ಪಡೆದರೆ, ಇಬ್ಬರೂ ಹೆಣ್ಣಾಗಿರುವ ಸಂಭವನೀಯತೆ 27ರಲ್ಲಿ 13. ವಾರಕ್ಕೂ ಲಿಂಗಕ್ಕೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸುತ್ತದೆ. ಎರಡು ಲಿಂಗ, ಏಳು ವಾರ ಸೇರಿ ಪ್ರತಿ ಮಗುವಿಗೆ 14 ಬಗೆಗಳಿವೆ; ಹಿರಿಯ ಮಗು ಶುಕ್ರವಾರದ ಹುಡುಗಿಯಾಗಿರುವ ಜೋಡಿಗಳು 14, ಕಿರಿಯ ಮಗು ಹಾಗಿರುವವು 14, ಎರಡರಲ್ಲೂ ಎಣಿಕೆಯಾದ ಒಂದನ್ನು ಕಳೆದರೆ 27. ಇದೇ ರೀತಿ ಇಬ್ಬರೂ ಹೆಣ್ಣಾದವು 7 ಮತ್ತು 7ರಲ್ಲಿ ಒಂದು ಕಳೆದು 13. ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ 'ಹೌದು' ಎನ್ನಲು ಹೆಚ್ಚುಕಡಿಮೆ ಎರಡು ಅವಕಾಶಗಳಿರುತ್ತವೆ, ಒಬ್ಬಳೇ ಇರುವ ಮನೆಗೆ ಒಂದೇ. ಗುರುತು ವಿರಳವಾದಷ್ಟೂ ಉತ್ತರ ಅರ್ಧಕ್ಕೆ ಹತ್ತಿರವಾಗುವುದು ಇದರಿಂದಲೇ. 'ಹಿರಿಯ ಮಗು ಹೆಣ್ಣು' ಎಂದು ಗೊತ್ತಾದರಂತೂ ಉತ್ತರ ನೇರವಾಗಿ ಅರ್ಧ.

ಈ ಅಭ್ಯಾಸಕ್ಕೆ ನಾಣ್ಯಗಳನ್ನೇ ಬಳಸಿ, ಓಣಿಯ ನಿಜವಾದ ಪಟ್ಟಿಯನ್ನು ಬಳಸಬೇಡಿ. ಪ್ರಕೃತಿಯಲ್ಲಿಯೇ ನೂರು ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆಂಬುದು ಅಷ್ಟು ದೊಡ್ಡ ತೊಡಕಲ್ಲ. ದೊಡ್ಡ ತೊಡಕೆಂದರೆ, ಗಂಡುಮಗು ಹುಟ್ಟುವವರೆಗೆ ಮಕ್ಕಳನ್ನು ಪಡೆದು ಅಲ್ಲಿಗೆ ನಿಲ್ಲಿಸುವ ದಂಪತಿಗಳು. ಊರಿನವರೆಲ್ಲ ಹಾಗೆಯೇ ಮಾಡಿದರೆ, ಸಂಸಾರ ಬೆಳೆದು ಮುಗಿದ, ಇಬ್ಬರೇ ಮಕ್ಕಳಿರುವ ಮನೆಗಳಲ್ಲೆಲ್ಲ ಹಿರಿಯವಳು ಅಕ್ಕನೇ, ಕಿರಿಯವನು ತಮ್ಮನೇ ಆಗಿರುತ್ತಾನೆ. ಅಂಥ ಊರಿನಲ್ಲಿ ಇಬ್ಬರೂ ಹೆಣ್ಣಾಗಿರುವ ಸಂಭವನೀಯತೆ ಮೂರರಲ್ಲೊಂದೂ ಅಲ್ಲ, ಅರ್ಧವೂ ಅಲ್ಲ, ಸೊನ್ನೆ.