ಸಾದಾ ಗಾಯ: ನಾನು ನಡೆಸಿದ ಒಂದು ಅಪೀಲು

2019ರ ಫೆಬ್ರವರಿಯ ಒಂದು ಸಂಜೆ ಅಪ್ಪ, ಮಗಳು ಇಬ್ಬರೂ ನನ್ನ ಆಫೀಸಿಗೆ ಬಂದರು. ಅಪ್ಪನ ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ. ಅದರ ತುಂಬ ಆಸ್ಪತ್ರೆಯ ಚೀಟಿಗಳು, ಮದುವೆಯ ಲಗ್ನಪತ್ರಿಕೆ, ಒಂದಿಷ್ಟು ಫೋಟೋ. ನಾಲ್ಕು ದಿನದ ಹಿಂದೆ ಮಗಳಿಗೆ ಹಿಂಸೆ ಕೊಟ್ಟ ಆರೋಪದಿಂದ ತಾಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟು ಆಕೆಯ ಗಂಡ, ಅತ್ತೆ, ಮೈದುನ ಮೂವರನ್ನೂ ಖುಲಾಸೆ ಮಾಡಿತ್ತು.

"ನನ್ನ ಮಗಳು ಹೊಡತ ತಿಂದಿದ್ದು ಸುಳ್ಳಾತೇನ್ರೀ ಮೇಡಂ?" ಎಂದು ಅಪ್ಪ ಕೇಳಿದರು. ಮಗಳು ಮಾತಾಡಲಿಲ್ಲ. ಚೀಲದಿಂದ ಬಿದ್ದ ಚೀಟಿಗಳನ್ನು ಒಂದೊಂದಾಗಿ ಎತ್ತಿ ಸರಿಮಾಡುತ್ತಾ ಕೂತಿದ್ದಳು.

ಉತ್ತರ ಕರ್ನಾಟಕದ ಒಂದು ಸಣ್ಣ ತಾಲೂಕಿನ ಕೇಸು ಇದು. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಸರ್ಕಾರಿ ವಕೀಲರನ್ನು ಕೇಳಿದ್ದಕ್ಕೆ, "ಅಭಿಪ್ರಾಯಕ್ಕೆ ಫೈಲು ಮೇಲೆ ಕಳಿಸಿದ್ದೇವೆ, ಕಾಯಿರಿ" ಅಂದಿದ್ದರಂತೆ. ಕಾಯುವುದು ಬೇಡ ಅಂದೆ. ಮೊದಲಾದರೆ ಕಾಯಲೇಬೇಕಿತ್ತು. ಪೊಲೀಸ್ ಕೇಸಿನಲ್ಲಿ ಆರೋಪಿ ಖುಲಾಸೆಯಾದರೆ ಅಪೀಲು ಹಾಕುವ ಹಕ್ಕು ಆಗ ಸರ್ಕಾರದ್ದಾಗಿತ್ತು. ಪೆಟ್ಟು ತಿಂದವರಿಗೆ ಉಳಿದಿದ್ದು ರಿವಿಷನ್ ಅರ್ಜಿ ಮಾತ್ರ, ಅಂದರೆ ಕೆಳಗಿನ ಆದೇಶವನ್ನು ಮರುಪರಿಶೀಲಿಸಿ ಎಂದು ಮೇಲಿನ ಕೋರ್ಟನ್ನು ಕೇಳುವುದು. ರಿವಿಷನ್‌ನಲ್ಲಿ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸಲು ಬರುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 372ನೇ ಸೆಕ್ಷನ್ನಿಗೆ ಒಂದು ಪರಂತುಕ (ಷರತ್ತಿನ ಮಾತು) ಸೇರಿ, ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅಂದಿನಿಂದ ನೊಂದವರೇ ನೇರವಾಗಿ ಅಪೀಲು ಹಾಕಬಹುದು. ಹೈಕೋರ್ಟಿನಲ್ಲಿ ಇಂಥ ಅಪೀಲಿಗೆ ಮೊದಲು ಅನುಮತಿ ಬೇಕೋ ಬೇಡವೋ ಎಂಬ ಜಗಳವೂ 2018ರ ಅಕ್ಟೋಬರ್‌ನಲ್ಲಿ ಮುಗಿದಿತ್ತು. ಬೇಡ ಎಂದಿತು ಸುಪ್ರೀಂ ಕೋರ್ಟು. ಆ ತೀರ್ಪು ಬಂದಿದ್ದು ನಮ್ಮ ರಾಜ್ಯದ್ದೇ ಕೇಸಿನಲ್ಲಿ, ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ನಮ್ಮದು ಸೆಷನ್ಸ್ ಕೋರ್ಟಿಗೆ ಹೋಗುವ ಅಪೀಲು, ಹಾಗಾಗಿ ಆ ಪ್ರಶ್ನೆಯೇ ಇರಲಿಲ್ಲ. ಆ ಪರಂತುಕದಲ್ಲಿ ಗಡುವು ಬರೆದಿರಲಿಲ್ಲ. ಆದರೂ ಗಡುವಿನ ಮೇಲೆ ಯಾಕೆ ಜಗಳ ಎಂದು 30 ದಿನದೊಳಗೇ ಹಾಕಿದೆ.

ಅಪ್ಪನಿಗೂ ನನಗೂ ಮೊದಲ ತಕರಾರು ಬಂದಿದ್ದು ಯಾರ ಮೇಲೆ ಅಪೀಲು ಹಾಕಬೇಕು ಎಂಬುದರಲ್ಲಿ. ಮೂವರ ಮೇಲೂ ಆಗಬೇಕೆಂದು ಅವರ ಹಟ. ನಾನು ಗಂಡನ ಮೇಲೆ ಮಾತ್ರ ಅಂದೆ. ಅತ್ತೆ, ಮೈದುನನ ಬಗ್ಗೆ ಸಾಕ್ಷ್ಯದಲ್ಲಿ ಇದ್ದಿದ್ದು ಒಂದೇ ಮಾತು: "ಅವರೂ ಬೈಯುತ್ತಿದ್ದರು." ಯಾವತ್ತು, ಏನಂತ, ಯಾರ ಎದುರು? ಯಾವುದೂ ಇಲ್ಲ. ಮನೆಮಂದಿಯನ್ನೆಲ್ಲ ಸಾಲಾಗಿ ಆರೋಪಿ ಮಾಡಿದರೆ ನಿಜವಾಗಿ ಹೊಡೆದವನ ಮೇಲಿನ ಸಾಕ್ಷ್ಯವೂ ತೆಳ್ಳಗಾಗುತ್ತದೆ. ದೂರು ಬರೆಸುವಾಗಲೇ ಯಾರಾದರೂ ಇದನ್ನು ಹೇಳಬೇಕಿತ್ತು. ಅಪ್ಪ ಮುನಿಸಿಕೊಂಡು ಎದ್ದು ಹೋದರು. ಮಾರನೇ ದಿನ ಮಗಳು ಒಬ್ಬಳೇ ಬಂದು ವಕಾಲತ್ತಿಗೆ ಸಹಿ ಹಾಕಿದಳು. "ಹೊಡದಾವ ಅವನ ಒಬ್ಬಾವ್ರೀ" ಅಂದಳು. ಅವಳ ದನಿ ನಾನು ಸರಿಯಾಗಿ ಕೇಳಿದ್ದು ಅವತ್ತೇ.

ತೀರ್ಪು 22 ಪುಟ ಇತ್ತು. ಖುಲಾಸೆಗೆ ಕೊಟ್ಟ ಕಾರಣ ಐದು. ವರದಕ್ಷಿಣೆ ಕೇಳಿದ್ದು ಸಾಬೀತಾಗಿಲ್ಲ. ದೂರು ಎರಡು ದಿನ ತಡ. ನೆರೆಯವರಿಬ್ಬರೂ ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದ ಪ್ರಾಸಿಕ್ಯೂಷನ್ನಿಗೇ ತಿರುಗಿಬಿದ್ದವರು. ಉಳಿದವರು ಹತ್ತಿರದ ನೆಂಟರು. ಗಾಯ ಸಾದಾ ಸ್ವರೂಪದ್ದು.

ಮೊದಲನೆಯದು ದೊಡ್ಡ ತಪ್ಪು ತಿಳಿವಳಿಕೆ, ಜನರಲ್ಲೂ ಇದೆ, ವಕೀಲರಲ್ಲೂ ಇದೆ. ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ 498ಎ ಅಂದರೆ ವರದಕ್ಷಿಣೆ ಕೇಸು ಅಂತಲೇ ಎಲ್ಲರ ಬಾಯಲ್ಲಿ. 1983ರಲ್ಲಿ ಆ ಸೆಕ್ಷನ್ ಬಂದಾಗಿನಿಂದ ಅದರ ವಿವರಣೆಯಲ್ಲಿ ಎರಡು ಭಾಗ ಇದ್ದವು. ಹಣ, ಆಸ್ತಿಗಾಗಿ ಪೀಡಿಸುವುದು ಎರಡನೆಯ ಭಾಗ. ಮೊದಲನೆಯ ಭಾಗದಲ್ಲಿ ದುಡ್ಡಿನ ಮಾತೇ ಇಲ್ಲ. ಹೆಂಡತಿಯ ಜೀವಕ್ಕೆ, ಅಂಗಕ್ಕೆ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ ತರುವಂಥ ನಡತೆ ಬೇಕೆಂದೇ ಇದ್ದರೆ ಅದೂ ಕ್ರೌರ್ಯವೇ. ನಮ್ಮ ಕೇಸಿನ ಆರೋಪದಲ್ಲಿ ದೈಹಿಕ, ಮಾನಸಿಕ ಹಿಂಸೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಬಂಗಾರ ಕೇಳಿದ್ದು ಸಾಬೀತಾಗದಿದ್ದರೆ ಹೊಡೆದಿದ್ದೂ ಸಾಬೀತಾಗಿಲ್ಲ ಅಂತ ಆಗುವುದಿಲ್ಲ ಅಲ್ವಾ?

ಇಲ್ಲಿ ನನ್ನ ಒಂದು ದಡ್ಡತನ ಹೇಳಲೇಬೇಕು. ಆ ಗೊಬ್ಬರದ ಚೀಲದಲ್ಲಿ ಒಂದು ಜೆರಾಕ್ಸ್ ಸಿಕ್ಕಿತ್ತು. ಘಟನೆಗೆ ಎರಡು ವರ್ಷ ಮೊದಲು ಠಾಣೆಯಲ್ಲಿ ಹಿರಿಯರು ಕೂತು ರಾಜಿ ಮಾಡಿಸಿದಾಗ ಗಂಡ ಬರೆದುಕೊಟ್ಟ ಮುಚ್ಚಳಿಕೆ: "ಇನ್ನು ಮುಂದೆ ಹೆಂಡತಿಯನ್ನು ಹೊಡೆಯುವುದಿಲ್ಲ." ಕೆಳಗಿನ ಕೋರ್ಟಿನಲ್ಲಿ ಇದನ್ನು ಯಾರೂ ಹಾಜರು ಮಾಡಿರಲಿಲ್ಲ. ನನಗೆ ಬ್ರಹ್ಮಾಸ್ತ್ರವೇ ಸಿಕ್ಕ ಹಾಗಾಯಿತು. ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯ ಪಡೆಯಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 391ನೇ ಸೆಕ್ಷನ್ ಇತ್ತು. ಅದರಡಿ ಅರ್ಜಿ ಹಾಕಿದೆ. ಆ ಅರ್ಜಿಗೇ ಎಂಟು ತಿಂಗಳು ಹೋಯಿತು, ನಡುವೆ ಕೊರೊನಾ ಬೇರೆ.

ಗಂಡನ ಕಡೆಯ ವಕೀಲರು ಎದ್ದು ಎರಡೇ ಮಾತು ಹೇಳಿದರು. ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ನಿನಂತೆ ನಡೆಯುವುದಿಲ್ಲ. ವಿಚಾರಣೆಯಲ್ಲಿ ಬಿಟ್ಟುಹೋದ ತೂತನ್ನು ಮುಚ್ಚಲು 391 ಇಲ್ಲ. ಅರ್ಜಿ ವಜಾ ಆಯಿತು. ನಾನೇ ನ್ಯಾಯಾಧೀಶರಾಗಿದ್ದರೂ ವಜಾ ಮಾಡುತ್ತಿದ್ದೆ. ಹೊರಗಿನ ಕಾಗದದ ಹಿಂದೆ ಬಿದ್ದು, ಒಳಗಿನ ಫೈಲನ್ನು ನಾನು ಇನ್ನೂ ಸರಿಯಾಗಿ ಓದಿರಲಿಲ್ಲ.

ಅವತ್ತು ಸಂಜೆ ನಮ್ಮ ಸೀನಿಯರ್ ಹತ್ತಿರ ಹೋದೆ. ನನ್ನ ಅಪೀಲು ಮೆಮೋದಲ್ಲಿ 31 ಕಾರಣಗಳಿದ್ದವು. ಅವರು ಓದಿ, ಪೆನ್ನಿನಿಂದ 26ನ್ನು ಹೊಡೆದು ಹಾಕಿದರು. "ಸಾಕ್ಷಿ ಹೇಳಿಕೆ ಓದಿದೀಯೇನವಾ?" ಎಂದರು. "ಓದೀನ್ರೀ ಸರ್." "ತೀರ್ಪು ಓದೀದಿ. ಹೇಳಿಕೆ ಓದು."

ಓದಿದೆ. ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೆರೆ ಎಳೆದು, ಯಾವ ಸಾಕ್ಷಿ, ಎಷ್ಟನೇ ಪುಟ, ಏನು ಹೇಳಿದ್ದು ಎಂದು ಬರೆಯುತ್ತಾ ಹೋದೆ. ನಮ್ಮ ತಾಲೂಕು ಕೋರ್ಟುಗಳಲ್ಲಿ ಸಾಕ್ಷ್ಯ ಕನ್ನಡದಲ್ಲೇ ದಾಖಲಾಗುತ್ತದೆ. ಪಾಟೀ ಸವಾಲಿನ, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ಭಾಗ ಓದಿದವರಿಗೆ ಅದರ ಧಾಟಿ ಗೊತ್ತು: "ನಾನು ಸುಳ್ಳು ಸಾಕ್ಷ್ಯ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ವಕೀಲರು ಹಾಗೆ ಕೇಳಿದರು, ಸಾಕ್ಷಿ ಅಲ್ಲ ಅಂದರು ಎಂದು ಅದರ ಅರ್ಥ. ಈ "ಎಂದರೆ ಸರಿಯಲ್ಲ" ಪುಟಕ್ಕೆ ಹತ್ತು ಸಲ ಬರುವುದರಿಂದ ಕಣ್ಣು ಸುಮ್ನೆ ಜಾರಿಕೊಂಡು ಹೋಗುತ್ತದೆ. ಎದುರು ವಕೀಲರು ಏನು ಹಾಕಿ ಕೇಳಿದರು ಎಂಬುದು ಆ ಸಾಲುಗಳಲ್ಲೇ ಅಡಗಿರುತ್ತದೆ.

ಆಕೆ ಪ್ರಾ.ಸಾ.1, ಅಂದರೆ ಪ್ರಾಸಿಕ್ಯೂಷನ್ ಕಡೆಯ ಒಂದನೇ ಸಾಕ್ಷಿ. ಅವಳ ಪಾಟೀ ಸವಾಲು, ಐದನೇ ಪುಟ: "ಆ ರಾತ್ರಿ ನಾನು ಬಚ್ಚಲಲ್ಲಿ ಜಾರಿಬಿದ್ದು ಗಾಯವಾಯಿತು, ಆರೋಪಿಯೇ ನನ್ನನ್ನು ಎಬ್ಬಿಸಿದನು ಎಂದರೆ ಸರಿಯಲ್ಲ." ಅಪ್ಪ ಪ್ರಾ.ಸಾ.2. ಅವರ ಪಾಟೀ ಸವಾಲು, ಮೂರನೇ ಪುಟ: "ಆ ರಾತ್ರಿ ಆರೋಪಿಯು ಹತ್ತಿಯ ಲೋಡಿನ ಜೊತೆ ಹುಬ್ಬಳ್ಳಿಗೆ ಹೋಗಿದ್ದು, ಊರಿನಲ್ಲಿಯೇ ಇರಲಿಲ್ಲ ಎಂದರೆ ಸರಿಯಲ್ಲ."

ಬಿದ್ದವಳನ್ನು ಎಬ್ಬಿಸಿದವನು ಅದೇ ರಾತ್ರಿ ಹುಬ್ಬಳ್ಳಿಯಲ್ಲಿ! ಎರಡೂ ಅವನ ಕಡೆಯಿಂದಲೇ ಬಂದ ಮಾತು. ವಕೀಲರು ಹಾಕಿದ ಪ್ರಶ್ನೆ ಸಾಕ್ಷ್ಯವಲ್ಲ, ಅದು ನನಗೂ ಗೊತ್ತು. ಆದರೆ ಆರೋಪಿಯ ವಾದ ಏನು ಎಂದು ಅಳೆಯುವಾಗ ಇದನ್ನು ಬಿಟ್ಟು ಅಳೆಯಲಾಗದು. ಸಾಕ್ಷ್ಯ ಮುಗಿದ ಮೇಲೆ ಕೋರ್ಟು ಆರೋಪಿಯನ್ನೇ ಕೇಳಿ ಬರೆದುಕೊಳ್ಳುವ 313ರ ಹೇಳಿಕೆಯಲ್ಲಿ ಅವನು ಪ್ರತಿಯೊಂದಕ್ಕೂ "ಸುಳ್ಳು" ಎಂದಷ್ಟೇ ಹೇಳಿದ್ದ. ಬಚ್ಚಲೂ ಇಲ್ಲ, ಹುಬ್ಬಳ್ಳಿಯೂ ಇಲ್ಲ.

ಆಮೇಲೆ ವೈದ್ಯರ ಸಾಕ್ಷ್ಯ. ತೀರ್ಪಿನಲ್ಲಿ ಅದಕ್ಕೆ ಸಿಕ್ಕ ಜಾಗ ಒಂದೂವರೆ ಸಾಲು. ಗಾಯ ಪ್ರಮಾಣ ಪತ್ರ ನಿ.ಪಿ.4 (ಪ್ರಾಸಿಕ್ಯೂಷನ್ ಹಾಜರು ಮಾಡಿದ ನಾಲ್ಕನೇ ದಾಖಲೆ) ತೆಗೆದು ನೋಡಿದೆ. ತಪಾಸಣೆಯ ವೇಳೆ ರಾತ್ರಿ 11.50. ಗಾಯ ಹೇಗಾಯಿತು ಎಂಬಲ್ಲಿ "ಗಂಡ ಕೋಲಿನಿಂದ ಹೊಡೆದದ್ದಾಗಿ ತಿಳಿಸಿದ್ದಾರೆ." ದೂರು ಕೊಟ್ಟಿದ್ದು ಎರಡು ದಿನ ಬಿಟ್ಟು ಇರಬಹುದು. ಆದರೆ ಗಂಡನ ಹೆಸರು ಹೇಳಿದ್ದು ಘಟನೆ ನಡೆದ ಎರಡು ಗಂಟೆಯೊಳಗೆ, ಆಸ್ಪತ್ರೆಯ ಮೇಜಿನ ಮುಂದೆ. ಆಗ ಇನ್ನೂ ಅಪ್ಪನೂ ಬಂದಿರಲಿಲ್ಲ, ಹಿರಿಯರೂ ಕೂತಿರಲಿಲ್ಲ. ಕಥೆ ಕಟ್ಟಲು ಸಮಯ ಎಲ್ಲಿತ್ತು?

ಗಾಯಗಳು ನಾಲ್ಕು. ಬೆನ್ನಿನ ಮೇಲೆ ಅಡ್ಡಲಾಗಿ ಎರಡು ಬಾಸುಂಡೆ. ಎರಡೂ ಮುಂಗೈಗಳ ಹೊರಬದಿಯಲ್ಲಿ ಒಂದೊಂದು. ಓದುವವರು ಒಮ್ಮೆ ಕೈ ಎತ್ತಿ ಮುಖ ಮುಚ್ಚಿಕೊಂಡು ನೋಡಿ. ಏಟು ಎಲ್ಲಿ ಬೀಳುತ್ತದೆ ಎಂದು ತಿಳಿಯುತ್ತದೆ. ಜಾರಿಬಿದ್ದರೆ ಮೊಣಕೈ ತರಚುತ್ತದೆ, ಸೊಂಟ ಉಳುಕುತ್ತದೆ. ಬೆನ್ನು ಮತ್ತು ಎರಡೂ ಮುಂಗೈಗಳ ಹೊರಬದಿ ಒಟ್ಟಿಗೆ ಪೆಟ್ಟಾಗುವುದಿಲ್ಲ. ಗಾಯ "ಸಾದಾ" ಅಂದರೆ ಮೂಳೆ ಮುರಿದಿಲ್ಲ, ಕಾಯ್ದೆ ಪಟ್ಟಿ ಮಾಡಿದ ಭಾರಿ ಗಾಯಗಳಲ್ಲಿ ಅದು ಬರುವುದಿಲ್ಲ ಎಂದಷ್ಟೇ. ನೋವು ಸಾದಾ ಎಂದಲ್ಲ.

ವಾದದ ದಿನ 2021ರ ಕೊನೆಗೆ ಬಂತು. ಖುಲಾಸೆಯ ಮೇಲಿನ ಅಪೀಲು ಏರುದಾರಿ. ಇದಕ್ಕೂ ನಮ್ಮ ರಾಜ್ಯದ್ದೇ ಕೇಸು ಇದೆ, 2007ರ ಚಂದ್ರಪ್ಪ ಪ್ರಕರಣ. ಖುಲಾಸೆಯಾದವನ ನಿರ್ದೋಷಿತನ ಇನ್ನಷ್ಟು ಗಟ್ಟಿಯಾಗಿರುತ್ತದೆ, ಎರಡು ರೀತಿಯಾಗಿ ನೋಡಲು ಬಂದರೆ ಖುಲಾಸೆಯನ್ನು ಮುಟ್ಟಬಾರದು ಎನ್ನುತ್ತದೆ ಅದು. ಎದುರು ವಕೀಲರು ಅದನ್ನೇ ಓದಿದರು. ನಾನು ಹೇಳಿದ್ದು ಇಷ್ಟು: ನಿ.ಪಿ.4 ಓದಿ ಬೇರೆ ತೀರ್ಮಾನಕ್ಕೆ ಬಂದಿದ್ದರೆ ಅದು ಇನ್ನೊಂದು ನೋಟ. ಓದದೇ ಬಂದಿದ್ದು ನೋಟವೇ ಅಲ್ಲ. ನೆಂಟರ ಸಾಕ್ಷ್ಯದ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಬಾಗಿಲು ಹಾಕಿದ ಮನೆಯೊಳಗೆ ರಾತ್ರಿ ಹತ್ತಕ್ಕೆ ನಡೆದಿದ್ದಕ್ಕೆ ಊರ ಪಂಚರು ಸಾಕ್ಷಿ ಬರುತ್ತಾರೆಯೇ? ಇಷ್ಟೇ ಸಾಕ್ಷಿಗಳು ಬೇಕು ಎಂಬ ನಿಯಮ ಇಲ್ಲ ಎಂದು ಸಾಕ್ಷ್ಯ ಕಾಯ್ದೆಯ 134ನೇ ಸೆಕ್ಷನ್ನೇ ಹೇಳುತ್ತಿತ್ತು.

ನ್ಯಾಯಾಧೀಶರು ನಡುವೆ ತಡೆದು ಕೇಳಿದರು: "ಮದುವೆಯಾದ ವರ್ಷದಿಂದಲೇ ಹೊಡೆಯುತ್ತಿದ್ದ ಅಂತೀರಿ. ಆರು ವರ್ಷ ಅಲ್ಲೇ ಯಾಕಿದ್ದರು?" ನನಗೆ ಭಾಷಣ ಮಾಡುವ ಆಸೆ ಬಂತು. ಮಾಡಲಿಲ್ಲ. ಕ್ಯಾಲೆಂಡರ್ ನೋಡಿ, "ಪ್ರಾ.ಸಾ.1, ಪಾಟೀ ಸವಾಲು, ಏಳನೇ ಪುಟ, ಕೊನೆಯ ಸಾಲು, ಸ್ವಾಮಿ" ಎಂದೆ. ಅವರು ಪುಟ ತಿರುಗಿಸಿ ತಾವೇ ಓದಿದರು: "ನಾನು ಮೊದಲೇ ತವರಿಗೆ ಬಂದು ದೂರು ಕೊಡಬಹುದಿತ್ತು ಎಂದರೆ ಸರಿ. ಸಾಕ್ಷಿಯು ಸ್ವತಃ ಮುಂದುವರಿದು, ನನ್ನ ತಂಗಿಯ ಮದುವೆ ಆಗಿರಲಿಲ್ಲ ಎಂದು ನುಡಿಯುತ್ತಾಳೆ."

ಆ ಪುಟವನ್ನು ಅವರು ಸ್ವಲ್ಪ ಹೊತ್ತು ಮುಚ್ಚಲಿಲ್ಲ.

ಮೂರು ವಾರದ ನಂತರ ಅಪೀಲು ಭಾಗಶಃ ಮಂಜೂರಾಯಿತು. 498ಎ ಮತ್ತು ಬೇಕೆಂದೇ ಗಾಯ ಮಾಡಿದ್ದಕ್ಕಿರುವ 323ರಲ್ಲಿ ಗಂಡ ಅಪರಾಧಿ. ವರದಕ್ಷಿಣೆ ನಿಷೇಧ ಕಾಯ್ದೆಯ ಆರೋಪದಲ್ಲಿ ಖುಲಾಸೆ ಹಾಗೆಯೇ ಉಳಿಯಿತು, ಅದು ಸರಿಯೇ. ಶಿಕ್ಷೆಯ ಪ್ರಮಾಣದ ಮೇಲೆ ಅವನ ಮಾತನ್ನೂ ಕೇಳಿ, ಒಂದು ವರ್ಷ ಸಜೆ, ದಂಡ, ದಂಡದ ಹೆಚ್ಚಿನ ಪಾಲು ಆಕೆಗೆ ಪರಿಹಾರ ಎಂದು ಆದೇಶವಾಯಿತು.

ಈಗ ಇಂಥ ಕೇಸು ಹಿಡಿದು ಹೊರಟವರಿಗೆ ಒಂದೆರಡು ಮಾತು. 2024ರ ಜುಲೈ 1ರಿಂದ ಸೆಕ್ಷನ್ನುಗಳು ಬದಲಾಗಿವೆ. 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ನೊಂದವರ ಅಪೀಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 413. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ ಅರ್ಜಿ ಬೇರೆಯದೇ ದಾರಿ. ಅಲ್ಲಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಸಿಗುತ್ತವೆ. ಆ ಆದೇಶದ ಮೇಲಿನ ಅಪೀಲಿಗೆ 29ನೇ ಸೆಕ್ಷನ್, 30 ದಿನ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲ.

ಗಂಡ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದ. ಶಿಕ್ಷೆ ಅಮಾನತಿನಲ್ಲಿದೆ, ಅರ್ಜಿ ಇನ್ನೂ ಬಾಕಿ ಇದೆ. ಆದೇಶದ ನಕಲು ಸಿಕ್ಕ ದಿನ ಆಕೆಗೆ ಓದಿ ಹೇಳುತ್ತಿದ್ದೆ. "ಒಂದು ವರ್ಷ ಸಾದಾ ಸಜೆ" ಎಂಬಲ್ಲಿಗೆ ಬಂದಾಗ ತಡೆದಳು.

"ಗಾಯಾನೂ ಸಾದಾ, ಸಜಾನೂ ಸಾದಾ ಏನ್ರೀ ಮೇಡಂ?"

ಕಠಿಣ ಸಜೆ, ಸಾದಾ ಸಜೆಗಳ ವ್ಯತ್ಯಾಸ ವಿವರಿಸಲು ಹೊರಟೆ. ಅವಳಿಗೆ ನಗು ಬಂತು. ಆ ಮೂರು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಕಲನ್ನು ಮಡಚಿ, ಅದೇ ಗೊಬ್ಬರದ ಚೀಲಕ್ಕೆ ಹಾಕಿಕೊಂಡು ನಾಲ್ಕೂವರೆಯ ಬಸ್ಸಿಗೆ ಹೊರಟಳು.