ಕಿವಿ ಬಿಸಿಯಾದಾಗ

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ಸಿಟ್ಟು ನನ್ನ ಹಳೇ ರೋಗ. ಅದಕ್ಕೇ ವಿಪಶ್ಯನ ಅನ್ನುವ ಬೌದ್ಧ ಧ್ಯಾನದ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದೆ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು, ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನೇನಾಗುತ್ತಿದೆ ಅಂತ ನೋಡುತ್ತಾ ಹೋಗುವುದು. ಮಾತಿಲ್ಲ, ಫೋನಿಲ್ಲ. ಸತ್ಯ ಹೇಳಬೇಕಂದ್ರೆ ಅರ್ಧ ಹೊತ್ತು ನಾನು ನೋಡಿದ್ದು ಉಸಿರಲ್ಲ, ಉದ್ರಿ ಲೆಕ್ಕ.

ನನ್ನ ಕೈಗೆ ಹತ್ತಿದ್ದು ವೇದನೆ ಅನ್ನುವ ಒಂದೇ ಮಾತು. ನಾವು ವೇದನೆ ಅಂದರೆ ನೋವು ಅಂತೀವಿ, ಅಲ್ವಾ? ಹಳೇ ಬೌದ್ಧ ಗ್ರಂಥಗಳ ಪಾಳಿ ಭಾಷೆಯಲ್ಲಿ ಹಾಗಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಮೂರೂ ವೇದನೆಯೇ. ಏನೇ ಕಂಡರೂ ಕೇಳಿದರೂ ಮೊದಲು ಅದು ಹುಟ್ಟುತ್ತದೆ, ಅದರ ಬೆನ್ನಿಗೇ ಬೇಕು, ಬೇಡ ಅನ್ನುವ ಎಳೆದಾಟ. ಇದಕ್ಕೆ ತಣ್ಹಾ ಅಂತಾರೆ. ನಡುವೆ ಒಂದು ಸಣ್ಣ ಸಂದು ಇದೆ.

ಆ ಸಂದು ನನಗೆ ಸಿಕ್ಕಿದ್ದು ಶಿಬಿರದಲ್ಲಲ್ಲ, ಗಲ್ಲಾಪೆಟ್ಟಿಗೆ ಮುಂದೆ. ಮಗಳ ಮದುವೆ ಅಂತ ಒಬ್ಬ ಅಕ್ಕಾರು ಬಂದಿದ್ದರು. ಇಳಕಲ್ ಸೀರೆ ಒಂದೊಂದೇ ಬಿಚ್ಚಿದೆ, ಗೋಮಿ ದಡಿ, ಚಿಕ್ಕಿ ಪರಾಸ, ನಲವತ್ತಾದವು, ಗಾದಿ ಮೇಲೆ ಸೆರಗಿನ ರಾಶಿ. "ಬ್ಯಾಡ್ರಿ ಅಣ್ಣಾರ, ಬ್ಯಾರೆ ಕಡೆ ನೋಡ್ತೀವಿ" ಅಂದು ಎದ್ದೇಬಿಟ್ಟರು. ನನ್ನ ಎಡಗಿವಿ ಬಿಸಿಯಾಯಿತು. ಆಮೇಲೆ ದವಡೆ ಬಿಗಿ. ಬಾಯಿಗೆ ಮಾತು ಬರುವುದರೊಳಗೆ ಇದು ಕಂಡಿತು, ಮೊದಲನೇ ಸಲ. ಸುಮ್ನೆ ಕಿವಿ ನೋಡುತ್ತಾ ಸೀರೆ ಮಡಚಿದೆ. ಐದಾರು ಸೀರೆ ಮಡಚುವಷ್ಟರಲ್ಲಿ ಬಿಸಿ ಇಳಿದಿತ್ತು.

ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಎರಡು ಬಾಣದ ಮಾತು ಬರುತ್ತದೆ. ಮೊದಲನೇದು ಎಲ್ಲರಿಗೂ ನಾಟುತ್ತದೆ, ಅದರ ಮೇಲೆ ಗೋಳಾಡುವವನಿಗೆ ಎರಡನೇದೂ ನಾಟುತ್ತದೆ. ಗಿರಾಕಿ ಹೋಗಿದ್ದು ಮೊದಲನೇದು. "ಬೇಕಂತಲೇ ಸತಾಯಿಸಿದರು" ಅಂತ ರಾತ್ರಿ ಊಟದವರೆಗೂ ಕುದಿಯುತ್ತಿದ್ದೆನಲ್ಲ, ಅದು ಎರಡನೇದು.

"ಅಂಗಡಿಯವರಿಗೆ ಯಾಕೋ ಬುದ್ಧ?" ಅಂತ ಗೆಳೆಯರು ನಗುತ್ತಾರೆ. ನಮ್ಮ ಗದಗ ಸೀಮೆಯ ಡಂಬಳದಲ್ಲಿ 1095ರ ಶಾಸನ ಇದೆ, ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದು ಹದಿನಾರು ಜನ ಶೆಟ್ಟರು, ಅಂದರೆ ವ್ಯಾಪಾರಿಗಳೇ!

ಈಗ ದಿನಾ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ಉಸಿರು ನೋಡುತ್ತೇನೆ, ಸೀಟು ಸಿಕ್ಕರೆ. ಗಿರಾಕಿಗಳ ಮುಂದೆ ಹತ್ತರಲ್ಲಿ ನಾಲ್ಕು ಸಲ ಕಿವಿ ಸಿಗುತ್ತದೆ. ತಮ್ಮ ಫೋನ್ ಮಾಡಿ ಊರ ಹೊಲದ ಮಾತು ತೆಗೆದರೆ ಮಾತ್ರ, ಕಿವಿ ಸುಟ್ಟಿದ್ದು ಗೊತ್ತಾಗುವುದು ಫೋನ್ ಇಟ್ಟ ಮೇಲೆಯೇ.